ಕುರಿಯ ಹೊಟ್ಟೆಯೊಳಗೊಂದು ಹಿಂಡು

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಬಕ್ರೀದ್‌ಗೆ ಮಾರೋಣ ಅಂತ ಸಂತೆಯಿಂದ 30 ಗಂಡುಮರಿ ತಂದು ಶೆಡ್‌ನಲ್ಲಿ ಕಟ್ಟಿದ್ದೇನೆ. ಒಂದೊಂದು ಸುಮಾರು 18-20 ಕೆಜಿ ಇವೆ. ಅಲ್ಲಿವರೆಗೆ ಅವು ಬರೀ ಬಯಲಲ್ಲಿ ಮೇಯ್ದವು. ಬೇಗ ಮೈ ಹಿಡಿಯಲಿ ಅಂತ ಎರಡನೇ ದಿನದಿಂದಲೇ ಮೆಕ್ಕೆಜೋಳ, ಜೋಳ ಎರಡನ್ನೂ ಹಿಟ್ಟು ಮಾಡಿಸಿ ತಲಾ ಮುಕ್ಕಾಲು ಕೆಜಿ ಕೊಟ್ಟೆ. ನಾಲ್ಕನೇ ದಿನ ಎರಡು ಮರಿ ಸತ್ತವು. ಆರು ಮರಿ ಮೇವು ಬಿಟ್ಟು ಮಲಗಿದವು, ಹುಳಿ ವಾಸನೆಯ ಭೇದಿ ಮಾಡಿದವು. ನಮ್ಮೂರಿನ ಪಶುವೈದ್ಯರು ಬಂದು ನೋಡಿದರು. ಈಗ ಐದು ಎದ್ದಿವೆ, ಒಂದು ಇನ್ನೂ ಮಂಕಾಗಿದೆ. ಬಯಲಲ್ಲಿ ಒಣ ಕಡ್ಡಿ ತಿಂದು ಚೆನ್ನಾಗಿದ್ದವು ಒಳ್ಳೆಯ ಕಾಳು ತಿಂದು ಯಾಕೆ ಸತ್ತವು? ಔಷಧಿ ಅಂಗಡಿಯವರು ‘ಒಳ್ಳೆ ಬ್ಯಾಕ್ಟೀರಿಯಾ ಪುಡಿ’ ಅಂತ ಒಂದು ಡಬ್ಬಿ ತೋರಿಸಿದರು, ಅದನ್ನು ಹಾಕಬೇಕಾ? ನಮ್ಮಪ್ಪ ‘ಪುಡಿ ಗಿಡಿ ಏನೂ ಬ್ಯಾಡ, ಮರಿಗಳ ಜೋಡಿ ಎರಡು ಹಳೇ ಕುರಿ ಬಿಡು’ ಅಂತಾರೆ. ಅದರಲ್ಲಿ ಅರ್ಥ ಇದೆಯಾ?

ಉತ್ತರ:

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಮೆಕ್ಕೆಜೋಳದಲ್ಲಿ ತಪ್ಪಿಲ್ಲ, ಜೋಳದಲ್ಲೂ ತಪ್ಪಿಲ್ಲ. ತಪ್ಪಿರುವುದು ಅವಸರದಲ್ಲಿ. ಎರಡು ಮೂರು ವಾರ ತಗೊಂಡು ಏರಿಸಬೇಕಾದ ಕಾಳನ್ನು ಒಂದೇ ದಿನದಲ್ಲಿ ಏರಿಸಿದಿರಿ, ಅದೂ ಹಿಟ್ಟು ಮಾಡಿ. ಪುಡಿ ಸದ್ಯಕ್ಕೆ ಬೇಡ. ಅಪ್ಪನ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮಂಕಾಗಿರುವ ಆ ಒಂದು ಮರಿಗೆ ಕಾಳು ಪೂರ್ತಿ ನಿಲ್ಲಿಸಿ. ಒಣ ಕಣಕಿ (ಜೋಳದ ದಂಟು), ಸ್ವಲ್ಪ ತೊಗರಿ ಹೊಟ್ಟು ಮಾತ್ರ ಮುಂದಿಡಿ. ನಿಮ್ಮ ವೈದ್ಯರಿಗೆ ಇವತ್ತೇ ಇನ್ನೊಮ್ಮೆ ತೋರಿಸಿ. ಅವರು ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆಮೇಲೆ ಕೂತು ಇದನ್ನು ಓದಿ.

ಈಗ ‘ಯಾಕೆ’ ಅನ್ನೋದಕ್ಕೆ ಬರೋಣ. ನಿಮ್ಮ ಶೆಡ್‌ನಲ್ಲಿ 30 ಮರಿ ಇದ್ದವು ಅಂತ ಬರೆದಿದ್ದೀರಿ. ನಾನು ಆ ಲೆಕ್ಕ ಒಪ್ಪುವುದಿಲ್ಲ. ಪ್ರತಿ ಮರಿಯ ಹೊಟ್ಟೆಯೊಳಗೆ ಇನ್ನೊಂದು ಹಿಂಡಿದೆ. ನೀವು ಗೋದಲಿಗೆ ಸುರಿದ ಮೇವು ಮೊದಲು ಸೇರುವುದು ಆ ಹಿಂಡಿಗೆ. ಅದು ತಿಂದು ಬಿಟ್ಟಿದ್ದು ಕುರಿಗೆ.

ಮಟನ್ ಅಂಗಡಿಯಲ್ಲಿ ಬೋಟಿ ತೊಳೆಯುವುದನ್ನು ನೋಡಿದ್ದೀರಲ್ವಾ? ಅದರಲ್ಲಿ ದೊಡ್ಡದೊಂದು ಚೀಲ ಇರುತ್ತದೆ. ಒಳಮೈ ಟರ್ಕಿ ಟವೆಲ್ ತರ ಎಳೆ ಎಳೆಯಾಗಿರುತ್ತದೆ. ಅದೇ ರೂಮೆನ್, ಮೊದಲ ಹೊಟ್ಟೆ. ಅದಕ್ಕೆ ಅಂಟಿಕೊಂಡು ಜೇನುಗೂಡಿನಂಥ ಇನ್ನೊಂದು. ಆಮೇಲೆ ಪುಸ್ತಕದ ಹಾಳೆ ಜೋಡಿಸಿದಂಥ ಮೂರನೆಯದು. ನಮ್ಮ ಹೊಟ್ಟೆಯ ಹಾಗೆ ಹುಳಿರಸ ಸುರಿಯುವುದು ನಾಲ್ಕನೆಯದು ಮಾತ್ರ. ಬೆಳೆದ ಕುರಿಯಲ್ಲಿ ಮೊದಲ ಹೊಟ್ಟೆಯೊಂದೇ ಹತ್ತು ಹದಿನೈದು ಲೀಟರ್ ಹಿಡಿಯುತ್ತದೆ. ಒಂದು ಕೊಡ ಅಂದುಕೊಳ್ಳಿ.

ಆ ಕೊಡದೊಳಗೆ ಕತ್ತಲು. ಗಾಳಿ ಇಲ್ಲ. ಹೊರಗೆ ಕಲಬುರಗಿಯ ಬೇಸಿಗೆ ಇರಲಿ, ಬೀದರಿನ ಚಳಿ ಇರಲಿ, ಒಳಗೆ ಯಾವಾಗಲೂ 39 ಡಿಗ್ರಿ ಆಸುಪಾಸು. ಅಲ್ಲಿನ ರಸ ಒಂದು ಮಿಲಿಲೀಟರ್ ತೆಗೆದರೆ, ಅಂದರೆ ಹದಿನೈದು ಇಪ್ಪತ್ತು ಹನಿ, ಅದರಲ್ಲಿ ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಿಗಿಂತ ಬಹಳ ದೊಡ್ಡವು ಪ್ರೊಟೊಜೋವಾ ಎಂಬ ಒಂದೇ ಕೋಶದ ಜೀವಿಗಳು. ಅವೂ ಲಕ್ಷಗಟ್ಟಲೆ ಇರುತ್ತವೆ. ಇವಲ್ಲದೆ ಶಿಲೀಂಧ್ರಗಳಿವೆ. ಗಾಳಿ ಇಲ್ಲದ ಕಡೆ ಶಿಲೀಂಧ್ರ ಬದುಕುವುದೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಓರ್ಪಿನ್ ಆ ನಂಬಿಕೆ ಮುರಿದರು. ಅವರಿಗೆ ಅದು ಸಿಕ್ಕಿದ್ದು ಕುರಿಯ ಹೊಟ್ಟೆಯಲ್ಲೇ. ಈ ಶಿಲೀಂಧ್ರಗಳು ಗಟ್ಟಿ ಕಡ್ಡಿಯೊಳಗೆ ಬೇರು ಇಳಿಸಿ ಸೀಳುತ್ತವೆ. ಸೀಳಿದ ಸಂದಿಯಲ್ಲಿ ಬ್ಯಾಕ್ಟೀರಿಯಾ ನುಗ್ಗುತ್ತವೆ.

ಈ ಹಿಂಡು ಇಲ್ಲದಿದ್ದರೆ ಕುರಿಗೆ ಕಣಕಿಯೂ ಒಂದೇ, ರಟ್ಟೂ ಒಂದೇ. ನಾರನ್ನು ಕರಗಿಸುವ ರಸ ಕುರಿಯ ಮೈಯಲ್ಲಿ ತಯಾರಾಗುವುದೇ ಇಲ್ಲ. ನಮ್ಮ ಮೈಯಲ್ಲೂ ಆಗುವುದಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ ಹೊಟ್ಟೆತುಂಬಾ ಉಂಡಮೇಲೆ ಸಂಜೆ ಹೊಟ್ಟೆಯಲ್ಲಿ ಗುಡುಗುಡು ಅನ್ನುತ್ತದಲ್ಲ, ಅದೂ ಬ್ಯಾಕ್ಟೀರಿಯಾಗಳ ಕೆಲಸವೇ. ನಮ್ಮಲ್ಲಿ ಅವು ಇರುವುದು ಹಿತ್ತಲ ಬಾಗಿಲಲ್ಲಿ, ದೊಡ್ಡ ಕರುಳಿನಲ್ಲಿ. ಅಲ್ಲಿ ಅವು ಮಾಡಿದ ಅಡುಗೆ ನಮಗೆ ಸಿಗುವುದು ಸ್ವಲ್ಪವೇ. ಕುರಿಯಲ್ಲಿ ಅವು ತಲಬಾಗಿಲಲ್ಲೇ ಕೂತಿವೆ. ಅವು ಮಾಡಿದ್ದೆಲ್ಲ ಮುಂದೆ ಮೂರು ಹೊಟ್ಟೆ, ಇಡೀ ಕರುಳು ದಾಟಿ ಹೋಗಬೇಕು. ಹಾಗಾಗಿ ಕುರಿಗೆ ಬಹುಪಾಲು ದಕ್ಕುತ್ತದೆ.

ಏನು ಮಾಡುತ್ತವೆ ಅವು? ಕಣಕಿಯ ನಾರನ್ನು ಮುರಿದು ಮೂರು ಬಗೆಯ ಸಣ್ಣ ಆಮ್ಲ ಮಾಡುತ್ತವೆ. ಅವುಗಳ ಹೆಸರು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್. ಮೊದಲನೆಯದು ಅಡುಗೆಮನೆಯ ವಿನೆಗರ್‌ನಲ್ಲಿ ಇರುವುದೇ. ಆ ಟವೆಲ್‌ನ ಎಳೆಗಳಿವೆಯಲ್ಲ, ಅವು ಈ ಆಮ್ಲಗಳನ್ನು ನೇರವಾಗಿ ರಕ್ತಕ್ಕೆ ಹೀರುತ್ತವೆ. ಕುರಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬರುವುದು ಇಲ್ಲಿಂದ. ಬೆಳಿಗ್ಗೆಯಿಂದ ಸಂಜೆವರೆಗೆ ಭೀಮಾ ದಂಡೆಯಲ್ಲಿ ಐದಾರು ಮೈಲಿ ನಡೆಯುವ ಕುರಿ ಈ ಆಮ್ಲದ ಮೇಲೆ ನಡೆಯುತ್ತಿರುತ್ತದೆ.

ಶಕ್ತಿ ಆಯಿತು. ಮಾಂಸ ಎಲ್ಲಿಂದ? ಇಲ್ಲಿ ವ್ಯವಹಾರ ಸ್ವಲ್ಪ ಕ್ರೂರವಾಗಿದೆ. ಮೊದಲ ಹೊಟ್ಟೆಯಲ್ಲಿ ತಿಂದು ಬೆಳೆದ ಸೂಕ್ಷ್ಮಜೀವಿಗಳು ರಸದ ಜೊತೆ ಹರಿದು ನಾಲ್ಕನೇ ಹೊಟ್ಟೆಗೆ ಬರುತ್ತವೆ. ಅಲ್ಲಿ ಹುಳಿರಸ ಅವುಗಳನ್ನು ಕೊಂದು ಕರಗಿಸುತ್ತದೆ. ಬಯಲು ಮೇಯುವ ಕುರಿಯ ಮೈಗೆ ಸೇರುವ ಪ್ರೊಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಸತ್ತ ಸೂಕ್ಷ್ಮಜೀವಿಗಳದ್ದೇ. ಸಾಕಿದ್ದು ಸಾಕು, ಇನ್ನು ಉಣ್ಣೋಣ ಅನ್ನುವ ಲೆಕ್ಕ. ನಾವು ಮರಿ ಸಾಕುವುದೂ ಹಾಗೇ ಅಲ್ವಾ?

ಬಿ ಗುಂಪಿನ ವಿಟಮಿನ್‌ಗಳನ್ನೂ ಅವೇ ತಯಾರಿಸುತ್ತವೆ. ಅದರಲ್ಲಿ ಬಿ12 ಮಾಡಲು ಕೋಬಾಲ್ಟ್ ಎಂಬ ಖನಿಜ ತೀರಾ ಸ್ವಲ್ಪ ಬೇಕು. ಉಣ್ಣೆಗೆ ಬೇಕಾದ ಗಂಧಕ ಸೇರಿದ ಪ್ರೊಟೀನನ್ನೂ ಅವೇ ಕಟ್ಟಿಕೊಡುತ್ತವೆ, ಮೇವಿನಲ್ಲಿ ಗಂಧಕ ಇದ್ದರೆ. ಖನಿಜ ಮಿಶ್ರಣ ಹಾಕಿ ಅಂತ ನಾವು ಗಂಟಲು ಹರಿದುಕೊಳ್ಳುವುದು ಕುರಿಗಾಗಿ ಅಷ್ಟೇ ಅಲ್ಲ, ಈ ಬಾಡಿಗೆದಾರರಿಗೂ ಹೌದು. ಇದಕ್ಕೆಲ್ಲ ಅವು ತೆಗೆದುಕೊಳ್ಳುವ ಕೂಲಿಯೂ ಇದೆ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಆರು ಪಾಲಿನಷ್ಟು ಮೀಥೇನ್ ಅನಿಲವಾಗಿ ತೇಗಿನಲ್ಲಿ ಹಾರಿಹೋಗುತ್ತದೆ. ತೇಗು ನಿಂತರೆ ಮಾತ್ರ ಕಷ್ಟ. ಹೊಟ್ಟೆ ಉಬ್ಬರ ಅನ್ನುವುದು ಅದಕ್ಕೇ.

ಈಗ ನಿಮ್ಮ ಶೆಡ್‌ಗೆ ಬರೋಣ.

ಸಂತೆಯಿಂದ ಬಂದ ಮರಿ ಅಂದರೆ ಎಷ್ಟೋ ಸಲ ಒಂದೂವರೆ ಎರಡು ದಿನ ಸರಿಯಾಗಿ ಮೇವು ನೀರು ಕಂಡಿರುವುದಿಲ್ಲ. ಗಾಡಿಯಲ್ಲಿ ನಿಂತು ಬಂದಿರುತ್ತದೆ. ಒಳಗಿನ ಹಿಂಡೂ ಉಪವಾಸ ಬಿದ್ದು ಅರ್ಧ ಕರಗಿರುತ್ತದೆ. ಉಳಿದದ್ದೂ ನಾರು ತಿನ್ನುವ ಜಾತಿ. ನಿಧಾನವಾಗಿ ತಿನ್ನುವ, ನಿಧಾನವಾಗಿ ಬೆಳೆಯುವ ಜಾತಿ. ಅಂಥ ಹೊಟ್ಟೆಗೆ ನೀವು ಮುಕ್ಕಾಲು ಕೆಜಿ ಹಿಟ್ಟು ಸುರಿದಿರಿ. ಹಿಟ್ಟಿನಲ್ಲಿರುವುದು ಪಿಷ್ಟ. ಅದನ್ನು ತಿನ್ನುವ ಇನ್ನೊಂದು ಜಾತಿ ಅಲ್ಲೇ ಮೂಲೆಯಲ್ಲಿ ಸ್ವಲ್ಪ ಸಂಖ್ಯೆಯಲ್ಲಿ ಇರುತ್ತದೆ. ಸ್ಟ್ರೆಪ್ಟೊಕಾಕಸ್ ಬೋವಿಸ್ ಅಂತ ಅದರ ಹೆಸರು. ಊಟ ಸಿಕ್ಕರೆ ಅದು ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ನೀವೇ ಲೆಕ್ಕ ಹಾಕಿ. ಒಂದು ಗಂಟೆಗೆ ಎಂಟು. ಎರಡು ಗಂಟೆಗೆ ಅರವತ್ತನಾಲ್ಕು. ಎಲ್ಲೂ ತಡೆ ಇಲ್ಲದಿದ್ದರೆ ನಾಲ್ಕು ಗಂಟೆಗೆ ನಾಲ್ಕು ಸಾವಿರ ದಾಟುತ್ತದೆ.

ಇದು ಮಾಡುವುದು ಲ್ಯಾಕ್ಟಿಕ್ ಆಮ್ಲ. ಮೊಸರಿನ ಹುಳಿ. ಆ ಮೂರು ಆಮ್ಲಗಳಿಗಿಂತ ಇದು ತುಂಬಾ ಖಾರ. ಇದನ್ನೇ ತಿಂದು ಕರಗಿಸುವ ಬ್ಯಾಕ್ಟೀರಿಯಾಗಳೂ ಹೊಟ್ಟೆಯಲ್ಲಿವೆ. ಆದರೆ ಅವು ಬೆಳೆದು ಸಾಕಷ್ಟಾಗಲು ಎರಡು ಮೂರು ವಾರ ಬೇಕು. ನೀವು ಎರಡು ದಿನವೂ ಕೊಡಲಿಲ್ಲ. ಹುಳಿ ಏರಿತು. ಹುಳಿ ಅಳೆಯುವ ಲೆಕ್ಕಕ್ಕೆ ಪಿಎಚ್ ಅಂತಾರೆ, ಹುಳಿ ಏರಿದಷ್ಟೂ ಅದು ಇಳಿಯುತ್ತದೆ. ಸಾಮಾನ್ಯವಾಗಿ ಆರರಿಂದ ಏಳರ ನಡುವೆ ಇರುವ ಪಿಎಚ್ ಐದರ ಕೆಳಗೆ ಇಳಿಯಿತು ಅಂದರೆ ನಾರು ತಿನ್ನುವವು ಸಾಯುತ್ತವೆ, ಪ್ರೊಟೊಜೋವಾ ಸಾಯುತ್ತವೆ, ಹೊಟ್ಟೆ ಕದಲುವುದು ನಿಲ್ಲುತ್ತದೆ. ಹುಳಿ ರಸ ಮೈಯ ನೀರನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಹೊಟ್ಟೆ ಅಲುಗಾಡಿಸಿದರೆ ಗುಳುಗುಳು, ಮೈ ಮಾತ್ರ ಒಣಗಿರುತ್ತದೆ. ಕಣ್ಣು ಒಳಗೆ ಹೋಗುತ್ತವೆ. ನೀವು ಬರೆದ ಹುಳಿ ವಾಸನೆಯ ಭೇದಿ ಅದೇ. ಬದುಕುಳಿದ ಮರಿಗಳು ಒಂದೆರಡು ವಾರದಲ್ಲಿ ಕುಂಟಿದರೆ ಗಾಬರಿಯಾಗಬೇಡಿ, ಆದರೆ ವೈದ್ಯರಿಗೆ ತೋರಿಸಿ. ಈ ಹುಳಿಯ ಪೆಟ್ಟು ಗೊರಸಿಗೂ ಬೀಳುತ್ತದೆ.

ಒಂದು ಮಾತು ಬಾಕಿ ಇದೆ. ಸತ್ತ ಎರಡು ಮರಿ ಎಂಥವು? ಎಲ್ಲಕ್ಕಿಂತ ದಷ್ಟಪುಷ್ಟವಾಗಿದ್ದವಾ, ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಸತ್ತು ಬಿದ್ದಿದ್ದವಾ? ಹಾಗಿದ್ದರೆ ಹುಳಿಗಿಂತ ಕರುಳು ಬೇನೆಯ ಮೇಲೆ ನನಗೆ ಅನುಮಾನ. ಇ.ಟಿ. ಅಂತಾರಲ್ಲ, ಅದು. ಅದರ ಕ್ಲಾಸ್ಟ್ರಿಡಿಯಂ ಎಂಬ ರೋಗಾಣು ಒಳ್ಳೆಯ ಕುರಿಯ ಕರುಳಲ್ಲೂ ಸ್ವಲ್ಪ ಇದ್ದೇ ಇರುತ್ತದೆ, ಸುಮ್ನೆ ಇರುತ್ತದೆ. ಮೊದಲ ಹೊಟ್ಟೆಯಲ್ಲಿ ಜೀರ್ಣವಾಗದ ಪಿಷ್ಟ ಕರುಳಿಗೆ ಇಳಿದರೆ ಅದಕ್ಕೆ ಹಬ್ಬ. ಹೆಚ್ಚಿ ವಿಷ ಬಿಡುತ್ತದೆ. ಜಾಸ್ತಿ ತಿನ್ನುವ ಮರಿಯೇ ಮೊದಲು ಹೋಗುತ್ತದೆ. ಮನೆಯವರಿಗೆ ಹೊಟ್ಟೆ ಉರಿಯುವುದೂ ಅದಕ್ಕೇ, ಒಳ್ಳೆಯದನ್ನೇ ಆರಿಸಿ ಒಯ್ದಂತೆ. ಇದಕ್ಕೆ ಲಸಿಕೆ ಇದೆ. ನಮ್ಮ ರಾಜ್ಯದಲ್ಲೇ, ಹೆಬ್ಬಾಳದ ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತದೆ. ಮಳೆಗಾಲಕ್ಕೆ ಮುಂಚೆ ಹಾಕಿಸುವುದು ವಾಡಿಕೆ. ಕಾಳು ಹಾಕಿ ಕೊಬ್ಬಿಸುವವರು ಕಾಳು ಶುರು ಮಾಡುವ ಮುಂಚೆಯೇ ಹಾಕಿಸಬೇಕು. ಮುಂದೆ ಯಾವಾಗಲಾದರೂ ಮರಿ ಹೀಗೆ ಸತ್ತರೆ ಹೂಳಬೇಡಿ, ಮರಣೋತ್ತರ ಪರೀಕ್ಷೆ ಮಾಡಿಸಿ. ಸತ್ತದ್ದು ಉಳಿದವನ್ನು ಉಳಿಸುತ್ತದೆ.

ಈ ಸೂಕ್ಷ್ಮಜೀವಿಗಳ ಮಾತು ಎತ್ತಿದಾಗ ನನಗೆ ಚಿಂಚೋಳಿ ಕಡೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ನಾನಾಗ ಕೆಲಸಕ್ಕೆ ಹೊಸಬ. ರಾಶಿ ಮಾಡಿದ ಕಣಕ್ಕೆ ಮೂರು ಕುರಿ ನುಗ್ಗಿ ಜೋಳ ಹೊಟ್ಟೆ ಬಿರಿಯೆ ತಿಂದಿದ್ದವು. ಅಡುಗೆ ಸೋಡಾ ಕುಡಿಸಿದೆ, ಸಲೈನ್ ಹಾಕಿದೆ. ಮಾರನೇ ದಿನ ಪ್ರಾಣ ಇತ್ತು, ಆದರೆ ಮೇವು ಮುಟ್ಟುತ್ತಿರಲಿಲ್ಲ, ಮೆಲುಕೂ ಇಲ್ಲ. ಅದೇ ಊರಲ್ಲಿ ಅವತ್ತು ದೇವರಿಗೆ ಕುರಿ ಕೊಯ್ದಿದ್ದರು. ನಾನು ಹೋಗಿ ಆ ಹೊಟ್ಟೆಯ ರಸ ಕೊಡಿ ಅಂದೆ. ಕುರಿ ಯಜಮಾನ ನನ್ನನ್ನು ಮೇಲೆ ಕೆಳಗೆ ನೋಡಿದ. ‘ಏನ್ರೀ ಸಾಹೇಬ್ರ, ಸತ್ತ ಕುರಿ ಹೊಟ್ಟ್ಯಾಗಿನ ಹೊಲಸು ನನ್ನ ಕುರಿಗಿ ಕುಡಸ್ತೀರೇನು?’ ಅಂದ.

ಕುಡಿಸಿದೆ. ಆರೋಗ್ಯವಾದ ಕುರಿಯ ರೂಮೆನ್ ತೆರೆದು, ಬೆಚ್ಚಗಿರುವಾಗಲೇ ಧೋತರದ ಬಟ್ಟೆಯಲ್ಲಿ ಹಿಂಡಿ, ಚಹಾ ಒಯ್ಯುವ ಥರ್ಮಾಸ್‌ಗೆ ತುಂಬಿದೆ. ತಣ್ಣಗಾದರೆ, ಗಾಳಿ ತಾಕಿದರೆ ಅವು ಸಾಯುತ್ತವೆ. ಹಸಿರು ಮಿಶ್ರಿತ ಕಂದು ಬಣ್ಣ, ಹಸಿ ಮೇವಿನ ಒಂಥರಾ ಘಾಟು. ಕಾಯಿಲೆ ಕುರಿಯ ಹೊಟ್ಟೆಯಿಂದ ಕೊಳವೆ ಹಾಕಿ ತೆಗೆದದ್ದು ಬೂದು ಬಣ್ಣದ ಹಾಲಿನಂತಿತ್ತು, ಕೆಟ್ಟ ಮಜ್ಜಿಗೆ ವಾಸನೆ. ಜೀಪಿನಲ್ಲಿ ಒಂದು ಹಳೆ ಸೂಕ್ಷ್ಮದರ್ಶಕ ಇತ್ತು. ಎರಡರದ್ದೂ ಒಂದೊಂದು ಹನಿ ಗಾಜಿನ ಮೇಲಿಟ್ಟು ಯಜಮಾನನಿಗೆ ತೋರಿಸಿದೆ. ಕಾಯಿಲೆ ಕುರಿಯದರಲ್ಲಿ ಏನೂ ಅಲುಗಾಡಲಿಲ್ಲ. ಒಳ್ಳೆಯದರಲ್ಲಿ ಪ್ರೊಟೊಜೋವಾಗಳು ಸಂತೆಯಲ್ಲಿ ಜನ ಓಡಾಡಿದ ಹಾಗೆ ಒಂದನ್ನೊಂದು ನೂಕುತ್ತ ಓಡುತ್ತಿದ್ದವು. ಆತ ಕಣ್ಣು ತೆಗೆಯಲಿಲ್ಲ. ಆಮೇಲೆ ಅಂದದ್ದು ಇಷ್ಟೇ: ‘ಇವೆಲ್ಲ ನನ್ನ ಮೇವು ತಿಂತಾವೇನ್ರಿ?’ ತಲಾ ಒಂದು ಲೀಟರ್ ಕುಡಿಸಿದೆವು. ಎರಡು ಕುರಿ ಮರುದಿನ ಸಂಜೆಗೆ ಮೆಲುಕು ಹಾಕಿದವು. ಮೂರನೆಯದು ಉಳಿಯಲಿಲ್ಲ.

ಇದನ್ನು ನೀವೇ ಮಾಡಲು ಹೋಗಬೇಡಿ. ಮಲಗಿದ ಕುರಿಗೆ ಬಾಯಿಯಿಂದ ಏನು ಕುಡಿಸಿದರೂ ಶ್ವಾಸಕೋಶಕ್ಕೆ ಇಳಿಯುವ ಭಯ ಇರುತ್ತದೆ. ನಿಮ್ಮ ವೈದ್ಯರನ್ನು ಕೇಳಿ, ಅವರಿಗೆ ಗೊತ್ತಿರುವ ವಿದ್ಯೆಯೇ ಇದು.

ಈಗ ಪುಡಿ. ಅಂಗಡಿಯಲ್ಲಿ ಸಿಗುವುದರಲ್ಲಿ ಎರಡು ತರ ಇವೆ. ಒಂದು ಯೀಸ್ಟ್. ಕಾಳು ಏರಿಸುವ ದಿನಗಳಲ್ಲಿ ಇದರಿಂದ ಸ್ವಲ್ಪ ಸಹಾಯ ಆಗಬಹುದು. ಹೊಟ್ಟೆಗೆ ನುಸುಳುವ ಅಲ್ಪಸ್ವಲ್ಪ ಆಮ್ಲಜನಕವನ್ನು ಅದು ಬಳಸಿಬಿಡುತ್ತದೆ, ಲ್ಯಾಕ್ಟಿಕ್ ಆಮ್ಲ ತಿನ್ನುವವುಗಳಿಗೆ ಆಸರೆಯಾಗುತ್ತದೆ. ಇನ್ನೊಂದು ಮೊಸರಿನ ಜಾತಿಯ ಬ್ಯಾಕ್ಟೀರಿಯಾ. ಬೆಳೆದ ಕುರಿಗೆ ಅದರಿಂದ ದೊಡ್ಡ ಲಾಭ ನಾನು ಕಂಡಿಲ್ಲ. ಯೋಚನೆ ಮಾಡಿ, ಒಂದೊಂದು ಹನಿಯಲ್ಲಿ ಕೋಟಿಗಟ್ಟಲೆ ಜನ ಕೂತಿರುವ ಬಸ್ಸಿಗೆ ಒಂದು ಚಮಚ ಹೊಸಬರನ್ನು ಹತ್ತಿಸಿದರೆ ಅವರಿಗೆ ಸೀಟು ಎಲ್ಲಿದೆ? ಮೇವು ಬದಲಾಗದೆ ಹಿಂಡು ಬದಲಾಗುವುದಿಲ್ಲ. ಪುಡಿಗೆ ಇಟ್ಟ ದುಡ್ಡಿನಲ್ಲಿ ಅಡುಗೆ ಸೋಡಾ ತನ್ನಿ. ಕಾಳಿನ ಮಿಶ್ರಣ ನೂರು ಕೆಜಿಗೆ ಒಂದು ಕೆಜಿ ಕಲಸಿ.

ಇನ್ನೊಂದು ಕೆಟ್ಟ ಅಭ್ಯಾಸ ನಮ್ಮ ಕಡೆ ಜಾಸ್ತಿ ಆಗಿದೆ. ಭೇದಿ ಅಂದ ಕೂಡಲೇ ಮನುಷ್ಯರ ಆ್ಯಂಟಿಬಯೋಟಿಕ್ ಗುಳಿಗೆ ತಂದು ನುಂಗಿಸುವುದು. ಅದು ರೋಗಾಣು ಯಾವುದು, ಬಾಡಿಗೆದಾರ ಯಾರು ಅಂತ ಕೇಳುವುದಿಲ್ಲ. ಬೆಂಕಿ ಆರಿಸಲು ಹೋಗಿ ಹೊಲದ ಬೆಳೆಯನ್ನೆಲ್ಲ ತುಳಿದ ಹಾಗೆ.

ಹಾಗಾದರೆ ಕಾಳು ಹಾಕುವುದು ಹೇಗೆ? ಬಂದ ಮೊದಲ ನಾಲ್ಕೈದು ದಿನ ಬರೀ ಕತ್ತರಿಸಿದ ಕಣಕಿ, ತೊಗರಿ ಹೊಟ್ಟು, ಸಿಕ್ಕರೆ ಹಸಿ ಮೇವು, ಮತ್ತೆ ನೀರು. ಆಮೇಲೆ ತಲಾ 50 ಗ್ರಾಂನಿಂದ ಶುರು. ಮೂರು ದಿನಕ್ಕೊಮ್ಮೆ 50 ಗ್ರಾಂ ಏರಿಸುತ್ತ ಹೋಗಿ. ಮೂರು ವಾರ ಮುಗಿಯುವ ಹೊತ್ತಿಗೆ 350-400 ಗ್ರಾಂಗೆ ಬರುತ್ತೀರಿ. ನಿಮ್ಮ 20 ಕೆಜಿ ಮರಿಗೆ ಅದು ಸಾಕು. ಅದನ್ನೂ ಒಂದೇ ಹೊತ್ತು ಹಾಕಬೇಡಿ, ಬೆಳಿಗ್ಗೆ ಸಂಜೆ ಭಾಗ ಮಾಡಿ. ಮೊದಲು ಕಣಕಿ, ಅರ್ಧ ಗಂಟೆ ಬಿಟ್ಟು ಕಾಳು. ಹಸಿದ ಹೊಟ್ಟೆಗೆ ಕಾಳು ಯಾವತ್ತೂ ಬೇಡ. ಈ ಮೂರು ವಾರದಲ್ಲಿ ಬದಲಾಗುವುದು ಹಿಂಡು ಮಾತ್ರ ಅಲ್ಲ. ಆ ಟವೆಲ್‌ನ ಎಳೆಗಳೂ ಉದ್ದವಾಗಿ ಬೆಳೆಯುತ್ತವೆ, ಆಮ್ಲ ಬೇಗ ಬೇಗ ಹೀರಲು ಕಲಿಯುತ್ತವೆ. ಕಟುಕರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಬಯಲು ಕುರಿಯ ಬೋಟಿ ಬೇರೆ, ಕಾಳು ಕುರಿಯ ಬೋಟಿ ಬೇರೆ ಅಂತ ಕೈಯಲ್ಲಿ ಹಿಡಿದೇ ಹೇಳುತ್ತಾರೆ.

ಹಿಟ್ಟು ಮಾಡಿಸಬೇಡಿ. ನುಚ್ಚು ಸಾಕು. ಕುರಿ ಎಮ್ಮೆಯ ಹಾಗಲ್ಲ, ಚೆನ್ನಾಗಿ ಅಗಿಯುತ್ತದೆ. ಅಗಿದಷ್ಟೂ ಜೊಲ್ಲು ಬರುತ್ತದೆ. ಜೊಲ್ಲಿನಲ್ಲಿ ಸೋಡಾ ಇದೆ, ಅಡುಗೆ ಸೋಡಾದಲ್ಲಿರುವುದೇ. ಬೆಳೆದ ಕುರಿ ದಿನಕ್ಕೆ ಹತ್ತು ಲೀಟರಿನಷ್ಟು ಜೊಲ್ಲು ನುಂಗುತ್ತದೆ ಅಂದರೆ ನಂಬಲು ಕಷ್ಟ, ಆದರೆ ನಿಜ. ಒಳಗಿನ ಹುಳಿಗೆ ಇದೇ ಮದ್ದು. ಹಿಟ್ಟಿಗೆ ಅಗಿಯುವ ಕೆಲಸ ಇಲ್ಲ, ಜೊಲ್ಲೂ ಇಲ್ಲ. ಕಣಕಿಯಲ್ಲಿ ಸತ್ವ ಏನಿದೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುವುದು. ಅದು ಕುರಿಯ ಬಾಯಿಯನ್ನು ಕೆಲಸದಲ್ಲಿ ಇಡುತ್ತದೆ.

ಮಿಶ್ರಣ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮೆಕ್ಕೆಜೋಳದ ಅಥವಾ ಜೋಳದ ನುಚ್ಚು 40 ಕೆಜಿ, ತೊಗರಿ ಚುನ್ನಿ 25, ಗೋಧಿ ಬೂಸಾ 16, ಶೇಂಗಾ ಹಿಂಡಿ 15, ಖನಿಜ ಮಿಶ್ರಣ 2, ಸುಣ್ಣಕಲ್ಲಿನ ಪುಡಿ 1, ಉಪ್ಪು 1. ಕಲಬುರಗಿಯಲ್ಲಿ ಇಷ್ಟೊಂದು ದಾಲ್ ಮಿಲ್ ಇಟ್ಟುಕೊಂಡು ಚುನ್ನಿ ಬಿಟ್ಟು ಬರೀ ಮೆಕ್ಕೆಜೋಳ ಹಾಕುವುದು ನನಗೆ ಅರ್ಥವಾಗುವುದಿಲ್ಲ. ಸೂಕ್ಷ್ಮಜೀವಿಗೂ ಪ್ರೊಟೀನ್ ಬೇಕು, ಬರೀ ಪಿಷ್ಟದಲ್ಲಿ ಅದು ಮೈ ಕಟ್ಟುವುದಿಲ್ಲ. ಸುಣ್ಣಕಲ್ಲಿನ ಪುಡಿ ಯಾಕೆಂದರೆ, ಕಾಳು ತಿನ್ನುವ ಗಂಡುಮರಿಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ನೀರು ಧಾರಾಳ ಇಡಿ. ಮನೆಯಲ್ಲಿ ಗೊಬ್ಬರದ ಯೂರಿಯಾ ಚೀಲ ಇರುತ್ತದೆ, ಅದನ್ನು ಹಾಕಿದರೆ ಪ್ರೊಟೀನ್ ಆಗುತ್ತದಂತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೂಕ್ಷ್ಮಜೀವಿಗಳು ಅದರಿಂದ ಪ್ರೊಟೀನ್ ಮಾಡುವುದು ನಿಜ. ಕೈ ಅಳತೆ ತಪ್ಪಿದರೆ ಗಂಟೆಯೊಳಗೆ ಕುರಿ ಸಾಯುವುದೂ ನಿಜ.

ಗೋದಲಿಯ ಜಾಗವನ್ನೂ ನೋಡಿಕೊಳ್ಳಿ. ಮೂವತ್ತು ಮರಿಗೆ ಒಂದು ಚಿಕ್ಕ ಗೋದಲಿ ಇದ್ದರೆ ಗಟ್ಟಿ ಮರಿ ನಾಲ್ಕರ ಪಾಲು ತಿನ್ನುತ್ತದೆ. ನೀವು ಅಳೆದು ಹಾಕಿದ್ದು ಅಳತೆಯೇ ಅಲ್ಲ. ಪ್ರತಿ ಮರಿಗೆ ಒಂದು ಅಡಿ ಜಾಗ ಬೇಕು.

ನಮ್ಮ ಕಡೆಯವರು ಈ ಹಿಂಡಿನ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಇದೇ ಸೂಕ್ಷ್ಮಜೀವಿಗಳು ಕುರಿಯನ್ನು ಕೊಲ್ಲುವುದೂ ಉಂಟು. ಮುಂಗಾರು ಕೈಕೊಟ್ಟು ಜೋಳ ಮೊಣಕಾಲುದ್ದಕ್ಕೆ ಬಾಡಿ ನಿಂತಾಗ, ಅಥವಾ ಕೊಯ್ದ ಮೇಲೆ ಕೂಳೆ ಚಿಗುರಿದಾಗ, ಕುರಿ ನುಗ್ಗಿ ತಿಂದು ಹತ್ತು ಹದಿನೈದು ನಿಮಿಷದಲ್ಲಿ ಒದ್ದಾಡಿ ಬೀಳುತ್ತವೆ. ಜನ ದೃಷ್ಟಿ ಅಂತಾರೆ, ಹಾವು ಅಂತಾರೆ. ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತು ಇದೆ. ಅದು ಹಾಗೇ ಇದ್ದರೆ ವಿಷ ಅಲ್ಲ. ಅಗಿದಾಗ ಒಡೆಯಲು ಶುರುವಾಗುತ್ತದೆ, ರೂಮೆನ್‌ನ ಸೂಕ್ಷ್ಮಜೀವಿಗಳು ಅದನ್ನು ಫಟಾಫಟ್ ಮುರಿದು ಸೈನೈಡ್ ಹೊರಗೆ ಬಿಡುತ್ತವೆ. ಹಂದಿಯಂಥ ಒಂದೇ ಹೊಟ್ಟೆಯ ಪ್ರಾಣಿಗೆ ಇದರ ಅಪಾಯ ಕಡಿಮೆ, ಅಲ್ಲಿ ಹುಳಿರಸ ಮೊದಲು ಸಿಗುತ್ತದೆ. ಕಣಕಿ ಮುರಿಯುವ ವಿದ್ಯೆಗೆ ಕುರಿ ತೆರುವ ಬೆಲೆ ಇದು. ತೆನೆ ಬಂದು ಬಲಿತ ಜೋಳ, ಚೆನ್ನಾಗಿ ಒಣಗಿದ ಕಣಕಿಗೆ ಭಯ ಇಲ್ಲ. ಎಳೆಯದು, ಬಾಡಿದ್ದು, ಮರುಚಿಗುರಿದ್ದು, ಈ ಮೂರರ ಹತ್ತಿರ ಹಸಿದ ಹಿಂಡನ್ನು ಬಿಡಬೇಡಿ. ಬಿದ್ದ ಕುರಿಗೆ ವೈದ್ಯರ ಕೈಯಲ್ಲಿ ಚುಚ್ಚುಮದ್ದು ಇದೆ, ಆದರೆ ಸಮಯ ತುಂಬಾ ಕಡಿಮೆ.

ಸುಬಾಬುಲ್ ಸೊಪ್ಪಿನದು ಇದರ ಉಲ್ಟಾ ಕತೆ. ಅದರಲ್ಲಿರುವ ಮಿಮೊಸಿನ್‌ನಿಂದ ಜಾಸ್ತಿ ತಿಂದ ಕುರಿಯ ಉಣ್ಣೆ ಉದುರುತ್ತದೆ. ಆಸ್ಟ್ರೇಲಿಯಾದಲ್ಲಿ ದನಗಳಿಗೂ ಇದರಿಂದ ಕಾಯಿಲೆ ಬರುತ್ತಿತ್ತು. ಹವಾಯಿ ದ್ವೀಪದ ಆಡುಗಳು ಮಾತ್ರ ಅದನ್ನೇ ತಿಂದು ಆರಾಮಾಗಿದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಆ ಆಡುಗಳ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಆಸ್ಟ್ರೇಲಿಯಾಕ್ಕೆ ತಂದು ಅಲ್ಲಿನ ಪ್ರಾಣಿಗಳ ಹೊಟ್ಟೆಗೆ ಬಿಟ್ಟರು. ಅವುಗಳಿಗೂ ಸೊಪ್ಪು ದಕ್ಕಿತು. ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಕರೆದರು. ಇಲ್ಲಿ ಹೊಸಬರಿಗೆ ಸೀಟು ಸಿಕ್ಕಿತು ನೋಡಿ, ಯಾಕೆಂದರೆ ಅವರು ತಿನ್ನುವುದನ್ನು ಅಲ್ಲಿ ಬೇರೆ ಯಾರೂ ತಿನ್ನುತ್ತಿರಲಿಲ್ಲ.

ಈಗ ಅಪ್ಪನ ಮಾತು.

ಹುಟ್ಟಿದ ಮರಿಗೆ ರೂಮೆನ್ ಹೆಸರಿಗಷ್ಟೇ ಇರುತ್ತದೆ, ಒಳಮೈ ನುಣ್ಣಗೆ. ಕುಡಿದ ಹಾಲು ಒಂದು ಕಾಲುವೆಯಲ್ಲಿ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಎರಡನೇ ವಾರಕ್ಕೆ ಮರಿ ಎಲೆ ಕಡ್ಡಿ ಚಪ್ಪರಿಸಲು ಶುರು ಮಾಡುತ್ತದೆ. ಆರೆಂಟು ವಾರಕ್ಕೆ ಹೊಟ್ಟೆ ಕೆಲಸಕ್ಕೆ ಬರುತ್ತದೆ. ಹಿಂಡು ಎಲ್ಲಿಂದ ಬಂತು? ತಾಯಿ ನೆಕ್ಕಿದ್ದರಿಂದ, ಕೆಚ್ಚಲಿನಿಂದ, ಒಂದೇ ಗೋದಲಿಯ ಎಂಜಲಿನಿಂದ. ಹುಟ್ಟಿದ ಕೂಡಲೇ ಬೇರ್ಪಡಿಸಿ ದೊಡ್ಡ ಕುರಿಗಳಿಂದ ದೂರ ಬೆಳೆಸಿದ ಮರಿಯ ಹೊಟ್ಟೆಯಲ್ಲಿ ಪ್ರೊಟೊಜೋವಾ ಇರುವುದೇ ಇಲ್ಲ. ಅವು ಗಾಳಿಯಲ್ಲಿ ಬರುವುದಿಲ್ಲ, ಜೊಲ್ಲಿನಲ್ಲಿ ಬರಬೇಕು.

ಹೊಟ್ಟೆ ಕೆಟ್ಟು ಹಿಂಡು ಸತ್ತ ನಿಮ್ಮ ಆರು ಮರಿಗೂ ಈಗ ಅಂಥ ಎಂಜಲೇ ಬೇಕು. ಹಾಗಾಗಿ ಎರಡು ಹಳೇ ಕುರಿ ಬಿಡಿ. ಆದರೆ ಬಿಡುವ ಮುಂಚೆ ಅವುಗಳಿಗೆ ಜಂತಿನ ಔಷಧಿ ಕೊಟ್ಟಿರಬೇಕು, ಕೆಮ್ಮು, ಸಿಂಬಳ, ಕಾಲು ಬಾಯಿ ಹುಣ್ಣು ಇರಬಾರದು. ಆರೂ ಮರಿಗಳನ್ನು ಬೇರೆ ಅಂಕಣಕ್ಕೆ ಹಾಕಿ, ಕಣಕಿ ಮತ್ತು ನೀರು ಎಲ್ಲಕ್ಕೂ ಒಂದೇ ಕಡೆ ಇಡಿ. ಎದ್ದಿರುವ ಐದಕ್ಕೆ ವಾರದ ಮೇಲೆ 50 ಗ್ರಾಂನಿಂದ ಕಾಳು ಶುರು ಮಾಡುವಾಗ ಹಳೇ ಕುರಿಗಳನ್ನು ಆ ಹೊತ್ತಿಗೆ ಹೊರಗೆ ಕಟ್ಟಿ. ಇಲ್ಲದಿದ್ದರೆ ಅವು ಮರಿಗಳ ಪಾಲನ್ನೂ ಮುಗಿಸಿ ತಾವೇ ಮಲಗುತ್ತವೆ.

ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ, ಎಲ್ಲ ಮಲಗಿರುವಾಗ, ಸದ್ದು ಮಾಡದೆ ಹೋಗಿ ನೋಡಿ. ಅರ್ಧಕ್ಕಿಂತ ಹೆಚ್ಚು ಮರಿ ದವಡೆ ಆಡಿಸುತ್ತಿರಬೇಕು. ಆಡಿಸದ ಮರಿಯ ಎಡ ಪಕ್ಕೆಯ ಕುಳಿಗೆ ಮುಷ್ಟಿ ಒತ್ತಿ ಎರಡು ನಿಮಿಷ ಹಿಡಿಯಿರಿ. ಒಳಗಿನಿಂದ ಎರಡು ಮೂರು ಸಲ ಅಲೆ ಎದ್ದು ನಿಮ್ಮ ಕೈಯನ್ನು ನೂಕಬೇಕು. ನೂಕದಿದ್ದರೆ ಅವತ್ತಿನ ಕಾಳು ಆ ಮರಿಗೆ ಬೇಡ.